ಎದುರಿನ ಅಂಚು ನೋಡಿ ಉಳಿಸಿಕೊಂಡ ಎರಡು ರೂಪಾಯಿ

ಹೋದ ತಿಂಗಳು ನನ್ನ ಒಂದು ಎರಡು ರೂಪಾಯಿ ನಾಣ್ಯ ಸುಮಾರು 1,200ಕ್ಕೆ ಹೋಯಿತು. ಕ್ಲಿಪ್ ನಾಣ್ಯ, ಅಂದರೆ ಟಂಕಸಾಲೆಯಲ್ಲಿ ಖಾಲಿ ಬಿಲ್ಲೆ ಕತ್ತರಿಸುವಾಗಲೇ ತಪ್ಪಿ, ಅಂಚಿನಲ್ಲಿ ಇಲಿ ಕಚ್ಚಿದ ಹಾಗೆ ಒಂದು ಕಮಾನು ಹೋದದ್ದು. ಇಂಥ ತಪ್ಪು (ಎರರ್) ನಾಣ್ಯಕ್ಕೆ ಸಂಗ್ರಹ ಮಾಡುವವರು ದುಡ್ಡು ಕೊಡುತ್ತಾರೆ. ಸಿಕ್ಕಿದ್ದು ಮಂಗಳೂರು ಹಂಪನಕಟ್ಟೆಯ ನನ್ನ ಅಂಗಡಿಯಲ್ಲೇ, ಸಿಟಿ ಬಸ್ ಕಂಡಕ್ಟರ್ ತಂದುಕೊಟ್ಟ ಚಿಲ್ಲರೆಯಲ್ಲಿ. ನಾಣ್ಯ ಸಂಗ್ರಹಿಸುವ ಇಬ್ಬರು ಗೆಳೆಯರು ನೋಡಿ, "ಯಾರೋ ಅರ ಹಾಕಿ ಉಜ್ಜಿದ್ದು ಮಾರಾಯ್ರೇ, ಗಲ್ಲಾಕ್ಕೇ ಹಾಕಿ" ಅಂದಿದ್ದರು. ಈಗ ಇಬ್ಬರೂ ಸುಮ್ಮನಿದ್ದಾರೆ.

ಹಾಗಂತ ನಾನೇನು ಮೊದಲಿಂದಲೇ ಜಾಣ ಅಲ್ಲ. ಮೊದಲ ಎರಡು ವರ್ಷದಲ್ಲಿ ಆರೇಳು ಸಾವಿರ ನೀರಿಗೆ ಹೋಗಿದೆ. ಜಾಸ್ತಿ ಉರಿದದ್ದು ಒಂದು ರೂಪಾಯಿಯ "ಲಾಖಿ"ಗೆ ಕೊಟ್ಟ 1,800. ಲಾಖಿ ಅಂದರೆ ಎರಡೂ ಬದಿ ಒಂದೇ ಮುಖ ಇರಬೇಕು, ಒಂದು ಉಬ್ಬಿ, ಇನ್ನೊಂದು ತಗ್ಗಾಗಿ ಕನ್ನಡಿಯಲ್ಲಿ ಕಂಡಂತೆ. ನನ್ನದರಲ್ಲಿ ಒಂದು ಕಡೆ ಸಿಂಹ, ಇನ್ನೊಂದು ಕಡೆ ಚಪ್ಪಟೆಯಾದ ಅಂಕಿಯ ಮೇಲೆ ಅರೆಬರೆ ತಿರುಗುಮುರುಗು ಅಕ್ಷರ. ಮನೆಗೆ ಬಂದ ಮೇಲೆ ಡೌಟು ಶುರುವಾಯಿತು. ಬೈಕಂಪಾಡಿಯಲ್ಲಿ ಲೇತ್ ಇಟ್ಟಿರುವ ಗೆಳೆಯನ ಹತ್ತಿರ ಹೋಗಿ ಎರಡು ನಾಣ್ಯ ಒಟ್ಟಿಗೆ ಇಟ್ಟು ವೈಸ್‌ನಲ್ಲಿ ಬಿಗಿದೆವು. ಹತ್ತೇ ನಿಮಿಷ, ಅಂಥದ್ದೇ ಲಾಖಿ ರೆಡಿ! ನಕ್ಕು ನಕ್ಕು ಸಾಕಾಯಿತು, ದುಡ್ಡು ಮಾತ್ರ ವಾಪಸ್ ಬರಲಿಲ್ಲ.

ಆಮೇಲೆ ಹಾಳು ಮಾಡುವುದೇ ಒಂದು ಚಟ ಆಯಿತು. ಹಿತ್ತಾಳೆ ಬಣ್ಣದ ಐದು ರೂಪಾಯಿಯನ್ನು ಪುನರ್ಪುಳಿ ರಸದಲ್ಲಿ ಒಂದು ವಾರ ಇಟ್ಟೆ. ಅಲ್ಲಲ್ಲಿ ತಾಮ್ರದ ಹಾಗೆ ಕೆಂಪಾಯಿತು, ತೂಕ ಮಾತ್ರ ಹೆಚ್ಚುಕಮ್ಮಿ ಅದೇ 6 ಗ್ರಾಂ. ಇಂಥದ್ದನ್ನೇ "ಬೇರೆ ಲೋಹದ ಎರರ್" ಅಂತ ಮಾರುವವರು ಇದ್ದಾರೆ, ಜಾಗ್ರತೆ. ಮಲ್ಪೆ ಬಂದರಿನ ಕಡೆಯಿಂದ ಬರುವ ಚಿಲ್ಲರೆಯದ್ದು ಇನ್ನೊಂದು ಕಥೆ. ಉಪ್ಪು ತಿಂದು ಅಕ್ಷರವೇ ಇರುವುದಿಲ್ಲ. ಅಸಲಿ ಎರರ್ ಆಗಿ, ಡೈಯಲ್ಲಿ (ನಾಣ್ಯಕ್ಕೆ ಚಿತ್ರ ಒತ್ತುವ ಅಚ್ಚಿನಲ್ಲಿ) ಗ್ರೀಸ್ ತುಂಬಿ ಅಕ್ಷರ ಹೋಗಿದ್ದರೆ ಆ ಜಾಗ ನುಣ್ಣಗೆ, ಪಕ್ಕದ ಅಕ್ಷರ ಚೂಪಾಗಿ ಉಂಟು. ಉಪ್ಪು ತಿಂದದ್ದು ಲೂಪ್‌ನಲ್ಲಿ (ಸಣ್ಣ ಭೂತಗನ್ನಡಿಯಲ್ಲಿ) ಇಡ್ಲಿ ಹಾಗೆ ತೂತು ತೂತು.

ಕ್ಲಿಪ್ ವಿಷಯದಲ್ಲಿ ಎಲ್ಲರೂ ತಕ್ಕಡಿಗೆ ಓಡುತ್ತಾರೆ. ನನ್ನದು 4.85 ಗ್ರಾಂ ಇರಬೇಕಾದದ್ದು 4.4 ಚಿಲ್ಲರೆ ತೂಗಿತು, ಸರಿ, ಆದರೆ ಅರ ಹಾಕಿದರೂ ತೂಕ ಇಳಿಯುತ್ತದೆ ಅಲ್ವಾ? ನಾನು ಕಚ್ಚಿದ ಜಾಗವನ್ನು ಬಿಟ್ಟು ಸರಿಯಾಗಿ ಅದರ ಎದುರಿನ ಅಂಚು ನೋಡುತ್ತೇನೆ. ಬಿಲ್ಲೆಗೆ ಅಂಚು ಎಬ್ಬಿಸುವಾಗ ಒಂದು ಕಡೆ ಲೋಹ ಇಲ್ಲದಿದ್ದರೆ ಎದುರು ಕಡೆಯೂ ಒತ್ತಡ ಸಿಗುವುದಿಲ್ಲ, ಅಲ್ಲಿ ಅಂಚು ಸಪ್ಪೆ. ನನ್ನ ನಾಣ್ಯದಲ್ಲಿ ಅದು ಕಣ್ಣಿಗೇ ಕಾಣುತ್ತಿತ್ತು. ಎಲ್ಲ ಅಸಲಿಯಲ್ಲೂ ಇಷ್ಟು ಸ್ಪಷ್ಟ ಇರುವುದಿಲ್ಲ, ಆದರೆ ಅರ ಹಾಕುವವನಿಗೆ ಆ ಬದಿಯ ನೆನಪೇ ಬರುವುದಿಲ್ಲ. ಲಾಖಿಗೂ ಇದೇ ಬುದ್ಧಿ: ವಿಚಿತ್ರ ಇರುವ ಮುಖ ಬಿಟ್ಟು ಹಿಂದಿನದ್ದನ್ನು ನೋಡಿ. ಡೈ ಬಿರುಕು ಅನ್ನುವ ಗೆರೆಯಂತೂ ಉಗುರಿಗೆ ಉಬ್ಬಾಗಿ ಸಿಗಬೇಕು. ತಗ್ಗಿದ್ದರೆ ಗೀರು, ಅಷ್ಟೇ.

ಹತ್ತು ರೂಪಾಯಿಯ ನಡುವಿನ ಬಿಲ್ಲೆ ಹೊಡೆದು ಕೂರಿಸಿದ್ದೋ ಅಂತ ನಾನು ಹೇಗೆ ಹಿಡಿಯುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯಲ್ಲ. ಬರೆದರೆ ಹೊಡೆದು ಕೂರಿಸುವವರೂ ಕಲಿಯುತ್ತಾರೆ.

ಕಂಡಕ್ಟರ್‌ಗೆ ಹೇಗೋ ಸುದ್ದಿ ಮುಟ್ಟಿದೆ. ಈಗ ಬಗ್ಗಿದ್ದು, ಸವೆದದ್ದು ಎಲ್ಲ ಬೇರೆ ಕಟ್ಟಿ ತಂದು, ಒಂದಕ್ಕೆ ಹತ್ತು ರೂಪಾಯಿ ಕೇಳುತ್ತಿದ್ದಾರೆ.