ಮುಟ್ಟದೆ ತೆಗೆದ ಫೋಟೋ

ಸ್ಥಳೀಯ ವನ್ಯಜೀವಿ ಫೋಟೋಗ್ರಫಿ ಸ್ಪರ್ಧೆ ಅಂದ ಕೂಡಲೇ ಅದು ದೊಡ್ಡ ಲೆನ್ಸ್ ಇರುವವರ ಆಟ ಅಂತ ತುಂಬಾ ಜನ ಸುಮ್ಮನಾಗಿಬಿಡುತ್ತಾರೆ. ನನಗೆ ಉಲ್ಟಾ ಅನ್ನಿಸಿತು. ಸುತ್ತಮುತ್ತಲಲ್ಲೇ ತೆಗೆದ ಚಿತ್ರ ಬೇಕು ಅಂತ ನಿಯಮ ಇದ್ದರೆ ಹುಲಿ, ಚಿರತೆ, ಸಫಾರಿ ಯಾವುದೂ ಲೆಕ್ಕಕ್ಕಿಲ್ಲ. ಉಳಿಯುವುದು ಗೋಡೆ ಮೇಲಿನ ಜೇಡ, ಹೊಂಡದ ಕಪ್ಪೆ, ದಂಡೆಯಲ್ಲಿ ನಿಂತ ಬೆಳ್ಳಕ್ಕಿ. ಇವತ್ತು ಚಿತ್ರ ಸಿಗಲಿಲ್ಲವಾ? ನಾಳೆ ಮತ್ತೆ ಹೋದರಾಯಿತು. ದುಡ್ಡು ಖರ್ಚು ಮಾಡಿ ದೂರದ ಕಾಡಿಗೆ ಹೋದವರಿಗೆ ಈ ಅನುಕೂಲ ಇಲ್ಲ. ಬರಿಗೈಯಲ್ಲಿ ವಾಪಸ್ ಬರಬಾರದು ಅನ್ನುವ ಹಟದಲ್ಲೇ ಪ್ರಾಣಿಗಳಿಗೆ ಕಾಟ ಕೊಡುವುದು ಜಾಸ್ತಿ.

ಕ್ಯಾಮೆರಾ ಹೊರಗೆ ತೆಗೆಯುವ ಮುಂಚೆ ನಿಯಮಗಳನ್ನು ಪೂರ್ತಿ ಓದಿದೆ. ಸಾಕಿದ ಪ್ರಾಣಿ ಬೇಡ. ಆಹಾರದ ಆಸೆ ತೋರಿಸಿ ಕರೆಸಿದ್ದು ಬೇಡ. ಕೇಳಿದರೆ ರಾ ಫೈಲ್, ಅಂದರೆ ಕ್ಯಾಮೆರಾ ಉಳಿಸಿಕೊಂಡ ತಿದ್ದದ ಮೂಲ ಫೈಲ್ ಕೊಡಬೇಕು. ಚಿತ್ರಕ್ಕೆ ಏನೋ ಸೇರಿಸಿದ್ದಾರಾ, ಏನೋ ಅಳಿಸಿದ್ದಾರಾ ಅಂತ ರಾ ಫೈಲ್ ಹೇಳಿಬಿಡುತ್ತದೆ. ಆದರೆ ಕ್ಯಾಮೆರಾ ಎದುರಿಗೆ ನಿಂತದ್ದು ನಿಜವಾಗಿಯೂ ಕಾಡುಪ್ರಾಣಿಯಾ ಅಂತ ಅದು ಹೇಳುವುದಿಲ್ಲ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ‘ವೈಲ್ಡ್‌ಲೈಫ್ ಫೋಟೋಗ್ರಾಫರ್ ಆಫ್ ದಿ ಇಯರ್’ ಸ್ಪರ್ಧೆಯಲ್ಲೇ ಹೀಗಾಗಿದೆ. 2009ರಲ್ಲಿ ಗೇಟು ಹಾರುವ ತೋಳದ ಚಿತ್ರಕ್ಕೆ ಮೊದಲ ಬಹುಮಾನ ಬಂತು. ಅದು ಪಳಗಿಸಿದ ತೋಳವೇ ಇರಬೇಕು ಅಂತ 2010ರಲ್ಲಿ ಬಹುಮಾನ ವಾಪಸ್ ಪಡೆದರು. 2017ರಲ್ಲಿ ಒಂದು ವಿಭಾಗದಲ್ಲಿ ಗೆದ್ದ ಚಿತ್ರದಲ್ಲಿದ್ದ ಇರುವೆಭಕ್ಷಕ ಜೀವ ಇಲ್ಲದ, ಸತ್ತ ಮೇಲೆ ಚರ್ಮದೊಳಗೆ ಏನೋ ತುಂಬಿಸಿಟ್ಟ ಪ್ರಾಣಿ ಅಂತ ಮರುವರ್ಷ ತೀರ್ಮಾನವಾಯಿತು. ತೆಗೆದವರು ಇಬ್ಬರೂ ಒಪ್ಪಲಿಲ್ಲ, ಅದು ಬೇರೆ ಮಾತು. ಇನ್ನೊಂದು ಸಾಲು ಎಲ್ಲರೂ ಹಾರಿಸಿಬಿಡುತ್ತಾರೆ: ಕಳಿಸಿದ ಚಿತ್ರವನ್ನು ಸಂಘಟಕರು ಎಲ್ಲೆಲ್ಲಿ ಬಳಸಬಹುದು ಅನ್ನುವುದು. ಸ್ಪರ್ಧೆಯ ಪ್ರಚಾರಕ್ಕೆ ಮಾತ್ರ ಅಂತಿದ್ದರೆ ಸರಿ. ಹಕ್ಕು ಪೂರ್ತಿ ಸಂಘಟಕರದ್ದೇ ಅಂತಿದ್ದರೆ ನಾನು ಕಳಿಸುವುದಿಲ್ಲ.

ನಾನು ಆರಿಸಿಕೊಂಡದ್ದು ಏರೋಪ್ಲೇನ್ ಚಿಟ್ಟೆ. ಹಾರುವುದಲ್ಲ, ನೀರಲ್ಲೇ ಬೆಳೆದ ಅದರ ಮರಿ ಮೇಲೆ ಬಂದು ಪೊರೆ ಕಳಚುವುದು. ಮೊದಲು ಕ್ಯಾಮೆರಾ ಇಲ್ಲದೆ ಹೊಂಡದ ಸುತ್ತ ಓಡಾಡಿದೆ. ಜೊಂಡಿನ ಕಡ್ಡಿಗಳಿಗೆ ಒಣಗಿದ ಕಂದು ಪೊರೆಗಳು ಅಂಟಿಕೊಂಡಿದ್ದವು. ಕಾಲು, ಕಣ್ಣು, ಎಲ್ಲದರ ಅಚ್ಚೂ ಅದರಲ್ಲಿ ಇರುತ್ತದೆ. ಪೊರೆ ಜಾಸ್ತಿ ಇರುವ ಕಡೆಯೇ ನಾಳೆಯೂ ಒಂದಿಲ್ಲೊಂದು ಮರಿ ಹತ್ತಬಹುದು ಅಂತ ಲೆಕ್ಕ ಹಾಕಿದೆ. ಕೆಸರು ತುಳಿಯದೆ ಕೂರಲು ಗಟ್ಟಿ ದಂಡೆ ಎಲ್ಲಿದೆ, ಬೆಳಕು ಯಾವ ಕಡೆಯಿಂದ ಬರುತ್ತದೆ ಅಂತಲೂ ಆಗಲೇ ನೋಡಿಟ್ಟೆ.

ಚಿಕ್ಕ ಜೀವಿಗಳನ್ನು ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಮಾಮೂಲಿ 100 ಮಿಮೀ ಮ್ಯಾಕ್ರೋ ಲೆನ್ಸ್‌ನಲ್ಲಿ ಹುಳು ತುಂಬಿ ಕಾಣಬೇಕಾದರೆ ಲೆನ್ಸಿನ ತುದಿಯನ್ನು ಗೇಣಳತೆಗೆ ಒಯ್ಯಬೇಕು. ಜೊಂಡಿನ ನಡುವೆ ಅಷ್ಟು ಹತ್ತಿರ ಹೋದರೆ ಏನಾದರೂ ತಗುಲೇ ತಗುಲುತ್ತದೆ. ಹಾಗಾಗಿ 300 ಮಿಮೀ ಲೆನ್ಸಿಗೆ ಎಕ್ಸ್‌ಟೆನ್ಶನ್ ಟ್ಯೂಬ್ (ಹತ್ತಿರದ ವಸ್ತುವಿಗೂ ಫೋಕಸ್ ಆಗಲಿ ಅಂತ ಲೆನ್ಸಿಗೂ ಕ್ಯಾಮೆರಾಗೂ ನಡುವೆ ಹಾಕುವ ಖಾಲಿ ಕೊಳವೆ) ಸೇರಿಸಿ ಟ್ರೈಪಾಡ್ ಮೇಲಿಟ್ಟೆ. ಮೀಟರಿನಷ್ಟು ದೂರ ಸಿಕ್ಕಿತು. ನನ್ನ ಪ್ರಕಾರ ದೊಡ್ಡ ಲೆನ್ಸಿನ ನಿಜವಾದ ಉಪಯೋಗ ಅಂದರೆ ಇದು.

ಇನ್ನೂ ಮಬ್ಬುಗತ್ತಲೆ ಇರುವಾಗ ಒಂದು ಮರಿ ನೀರಿನಿಂದ ಕಡ್ಡಿ ಹತ್ತಿತು. ಈ ಹೊತ್ತಲ್ಲಿ ಟಾರ್ಚ್ ಬಿಟ್ಟರೆ, ಕಡ್ಡಿ ಅಲುಗಿದರೆ, ಅದು ವಾಪಸ್ ನೀರಿಗೆ ಇಳಿದುಬಿಡಬಹುದು. ನಾನು ಅಲ್ಲಾಡಲಿಲ್ಲ. ಸ್ವಲ್ಪ ಹೊತ್ತಿಗೆ ಬೆನ್ನು ಬಿರಿಯಿತು. ಒಮ್ಮೆ ಬೆನ್ನು ಬಿರಿದರೆ ಅದಕ್ಕೆ ಹಿಂದೆ ಹೋಗುವ ದಾರಿ ಇಲ್ಲ. ಮೊದಲು ಬೆನ್ನು, ಆಮೇಲೆ ತಲೆ, ಕಾಲು. ಅರ್ಧ ಮೈ ಹೊರಗೆ ಬಂದ ಮೇಲೆ ಹಿಂದಕ್ಕೆ ಬಾಗಿ ತಲೆಕೆಳಗಾಗಿ ಜೋತುಬಿತ್ತು. ಸತ್ತೇ ಹೋಯಿತೇನೋ ಅನ್ನಿಸುತ್ತದೆ, ಆದರೆ ಕಾಲು ಗಟ್ಟಿಯಾಗಲಿ ಅಂತ ಅದು ಕಾಯುತ್ತಿರುತ್ತದೆ. ಖಾಲಿ ಪೊರೆಯೊಳಗೆ ಬಿಳಿ ದಾರದಂಥ ಎಳೆಗಳು ಕಾಣುತ್ತವೆ. ಅವು ಹಳೆಯ ಉಸಿರಿನ ನಾಳಗಳ ಒಳಪದರ. ಆಮೇಲೆ ಇದ್ದಕ್ಕಿದ್ದಂತೆ ಮೇಲಕ್ಕೆ ಬಾಗಿ, ತನ್ನದೇ ಪೊರೆಯನ್ನು ಹಿಡಿದು, ಬಾಲವನ್ನು ಎಳೆದುಕೊಂಡಿತು. ಹಿಂಡಿದ ಒದ್ದೆ ಬಟ್ಟೆಯಂತೆ ಮುದುರಿದ್ದ ರೆಕ್ಕೆ ನಿಧಾನಕ್ಕೆ ಅಗಲವಾಯಿತು. ಮೊದಲು ಹಾಲಿನ ಬಣ್ಣ, ಆಮೇಲೆ ಗಾಜಿನಂತೆ ತಿಳಿ.

ಈ ಹೊತ್ತಲ್ಲಿ ರೆಕ್ಕೆಗೆ ಒಂದು ಹುಲ್ಲೆಸಳು ತಾಗಿ ಮಡಿಸಿದರೂ ಅದು ಹಾಗೇ ಒಣಗಿ, ಜೀವನಪೂರ್ತಿ ಸೊಟ್ಟಗೇ ಇರುತ್ತದೆ. ನನ್ನ ಲೆನ್ಸಿಗೆ ಅಡ್ಡವಾಗಿ ಒಂದು ಎಸಳು ಇತ್ತು. ಅದನ್ನು ಕಿತ್ತರೆ ಪಕ್ಕದ ಕಡ್ಡಿ ಅಲುಗುತ್ತದೆ. ಹುಳುವಿನ ಮರೆಯೂ ಹೋಗುತ್ತದೆ. ಹಕ್ಕಿಗಳಿಗೂ ಇರುವೆಗಳಿಗೂ ಇಷ್ಟು ಸುಲಭದ ಊಟ ಬೇರೆ ಸಿಗುವುದಿಲ್ಲ. ಎಸಳನ್ನು ಹಾಗೇ ಬಿಟ್ಟು ಟ್ರೈಪಾಡನ್ನೇ ಚೂರು ಸರಿಸಿದೆ. ಫ್ಲ್ಯಾಶ್ ಇಲ್ಲ, ಲೆನ್ಸಿನ ಕಿಂಡಿ ಎಫ್/8, ಬೆಳಕಿನ ಸೂಕ್ಷ್ಮತೆ ಐಎಸ್ಒ 1600. ಗಾಳಿ ನಿಂತಾಗ ಮಾತ್ರ ಒತ್ತಿದೆ. ಕ್ಯಾಮೆರಾದೊಳಗೆ ಚಿತ್ರ ಮೂಡುವ ಸೆನ್ಸರ್ ಮತ್ತು ಹುಳುವಿನ ಮೈ ಸಮಾನಾಂತರವಾಗಿ ಇದ್ದರೆ ತಲೆಯಿಂದ ಬಾಲದವರೆಗೆ ಫೋಕಸ್ ಸಿಗುತ್ತದೆ. ಅದನ್ನು ಹೊಂದಿಸುವುದೇ ಇಲ್ಲಿ ಕಷ್ಟದ ಕೆಲಸ.

ಪರಿಚಯದ ಒಬ್ಬರು ಕೇಳಿದರು: “ಅಷ್ಟು ಹೊತ್ತು ಯಾಕೆ ಕಾಯ್ತೀರಾ ಸರ್? ರೆಕ್ಕೆ ಬಂದ ದೊಡ್ಡದನ್ನೇ ಹಿಡಿದು ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಡಿ, ಚಳಿಗೆ ಮರಗಟ್ಟಿ ಎಲ್ಲಿ ಕೂರಿಸಿದ್ರೂ ಕೂರುತ್ತೆ.” ಇದು ಗುಟ್ಟೇನೂ ಅಲ್ಲ, ಹಾಗೆ ತೆಗೆದ ಮ್ಯಾಕ್ರೋ ಚಿತ್ರಗಳು ಬೇಕಾದಷ್ಟಿವೆ. ನೋಡುವ ಕಣ್ಣಿಗೆ ಗೊತ್ತೂ ಆಗುತ್ತದೆ: ಆ ಹುಳು ಎಂದೂ ಕೂರದ ಹೂವಿನ ಮೇಲೆ ಕೂತಿರುತ್ತದೆ, ಕಾಲಿನ ಹಿಡಿತ ಸರಿ ಇರುವುದಿಲ್ಲ. ಎಲೆಯನ್ನು ಛತ್ರಿಯಂತೆ ಹಿಡಿದು ನಿಂತ ಕಪ್ಪೆಗಳ ಚಿತ್ರ ನೋಡಿರುತ್ತೀರಿ, ಅವನ್ನೂ ಹೀಗೇ ಕೂರಿಸಿ ತೆಗೆಯುತ್ತಾರೆ ಅಂತ ನಾನು ಬೇರೆ ಹೇಳಬೇಕಾಗಿಲ್ಲ ಅಲ್ವಾ?

ಕಪ್ಪೆ ಹುಡುಕಿ ಹೊಂಡದಿಂದ ಹೊಂಡಕ್ಕೆ ಹೋಗುವುದಾದರೆ ಒಂದು ಕೆಲಸ ಕಡ್ಡಾಯ. ಬೂಟಿನ ಕೆಸರು ಉಜ್ಜಿ ತೊಳೆದು, ಪೂರ್ತಿ ಒಣಗಿಸಿಕೊಂಡೇ ಮುಂದಿನ ಹೊಂಡಕ್ಕೆ ಇಳಿಯಬೇಕು. ಕೈಟ್ರಿಡ್ ಅನ್ನುವ ಶಿಲೀಂಧ್ರ ಕಪ್ಪೆಗಳ ಚರ್ಮಕ್ಕೆ ಹತ್ತಿ ಜಗತ್ತಿನ ಎಷ್ಟೋ ಕಡೆ ಅವುಗಳ ಸಂತತಿಯನ್ನೇ ಅಳಿಸಿದೆ. ಅದು ಒದ್ದೆ ಕೆಸರಿನ ಜೊತೆಗೂ ಸಾಗುತ್ತದೆ.

ಹಕ್ಕಿ ವಿಷಯಕ್ಕೆ ಬಂದರೆ, ಇಷ್ಟು ಮೀಟರ್ ದೂರ ಇರಬೇಕು ಅಂತ ಒಂದೇ ಲೆಕ್ಕ ನಡೆಯುವುದಿಲ್ಲ. ಹಕ್ಕಿಯನ್ನೇ ನೋಡಬೇಕು. ಮೇಯುತ್ತಿದ್ದದ್ದು ತಲೆ ಎತ್ತಿ ನಿಂತರೆ ನಾನೂ ನಿಲ್ಲುತ್ತೇನೆ. ಮತ್ತೆ ಮೇಯದಿದ್ದರೆ ಹಿಂದೆ ಸರಿಯುತ್ತೇನೆ. ಕೊಕ್ಕಿನಲ್ಲಿ ಹುಳು ಹಿಡಿದುಕೊಂಡು ಕೊಂಬೆಯಿಂದ ಕೊಂಬೆಗೆ ಹಾರುತ್ತಾ ಕೂಗುತ್ತಿದ್ದರೆ ಗೂಡು ಅಲ್ಲೇ ಇದೆ, ನಾನು ಅಡ್ಡ ನಿಂತಿದ್ದೇನೆ ಅಂತ ಅರ್ಥ. ತಕ್ಷಣ ಜಾಗ ಖಾಲಿ ಮಾಡಬೇಕು. ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿ ಕರೆಸುವುದಂತೂ ಬೇಡವೇ ಬೇಡ. ಗಂಡು ಹಕ್ಕಿ ಯಾರೋ ಎದುರಾಳಿ ಬಂದ ಅಂತ ಮೇವು ಬಿಟ್ಟು ಕಾದಾಡಲು ಬರುತ್ತದೆ. ಗೂಡಿನ ಚಿತ್ರ ನಾನು ತೆಗೆಯುವುದೇ ಇಲ್ಲ. ವನ್ಯಜೀವಿ ಫೋಟೋಗ್ರಫಿಯ ಮೊದಲಿಗರಲ್ಲಿ ಒಬ್ಬರಾದ ಇಂಗ್ಲೆಂಡಿನ ಕೀಯರ್ಟನ್ ಸಹೋದರರು ಗೂಡು, ಮೊಟ್ಟೆಗಳ ಚಿತ್ರ ತೆಗೆದದ್ದು 1892ರಲ್ಲಿ. ಹಕ್ಕಿ ಹೆದರದಿರಲಿ ಅಂತ ಅವರು ಪೊಳ್ಳು ಎತ್ತಿನ ಬೊಂಬೆಯೊಳಗೆ ಅಡಗಿ ಕೂತವರು! ಅಷ್ಟು ತಾಳ್ಮೆ ಇವತ್ತು ಯಾರಿಗಿದೆ ಹೇಳಿ.

ಎಡಿಟಿಂಗ್‌ನಲ್ಲಿ ಬೆಳಕು, ಬಣ್ಣ, ಕ್ರಾಪ್ ಬಿಟ್ಟು ಬೇರೇನೂ ಮಾಡಲಿಲ್ಲ. ಫೈಲಿನಲ್ಲಿದ್ದ ಜಿಪಿಎಸ್ ಮಾಹಿತಿ ಅಳಿಸಿದೆ. ಏರೋಪ್ಲೇನ್ ಚಿಟ್ಟೆಯನ್ನು ಯಾರೂ ಕದಿಯುವುದಿಲ್ಲ, ನಿಜ. ಆದರೆ ಜಾಗ ಗೊತ್ತಾದರೆ ಅದೇ ಜೊಂಡಿನೊಳಗೆ ಹತ್ತಾರು ಟ್ರೈಪಾಡ್ ಇಳಿಯುತ್ತವೆ. ವಿವರಣೆಯಲ್ಲಿ ಏನು ನಡೆಯುತ್ತಿದೆ, ಎಷ್ಟು ದೂರದಿಂದ ತೆಗೆದೆ, ಏನನ್ನೂ ಮುಟ್ಟಿಲ್ಲ ಅಂತ ಬರೆದೆ.

ಸಂಘಟಕರು ರಾ ಫೈಲ್ ಜೊತೆಗೆ ಅದರ ಹಿಂದಿನ, ಮುಂದಿನ ಚಿತ್ರಗಳನ್ನೂ ಕೇಳಿದರು. ಒಳ್ಳೆಯ ಪದ್ಧತಿ. ಒಂದೇ ಚಿತ್ರದಲ್ಲಿ ಮುಚ್ಚಿಡಬಹುದು, ಸಾಲು ಚಿತ್ರಗಳಲ್ಲಿ ಅದು ಕಷ್ಟ. ನನ್ನ ಚಿತ್ರ ಪ್ರದರ್ಶನಕ್ಕೆ ಆಯ್ಕೆಯಾಯಿತು, ಬಹುಮಾನ ಬರಲಿಲ್ಲ. ಎಡಮೂಲೆಯಲ್ಲಿರುವ ಹಸಿರು ಮಸುಕು ಗೆರೆ ಏನು ಅಂತ ತೀರ್ಪುಗಾರರೊಬ್ಬರು ಕೇಳಿದರು. ಅದೇ ಹುಲ್ಲೆಸಳು. ಅದರಿಂದ ಅಂಕ ಕಡಿಮೆಯಾಯಿತಂತೆ. ಚಿತ್ರದ ಲೆಕ್ಕದಲ್ಲಿ ಅವರು ಹೇಳಿದ್ದು ಸರಿ. ಟ್ರೈಪಾಡನ್ನು ಇನ್ನೊಂದು ಗೇಣು ಬಲಕ್ಕೆ ಇಡಲು ಜಾಗ ಇದೆಯಾ ಅಂತ ಈ ಸಲ ಮೊದಲೇ ಹೋಗಿ ನೋಡಬೇಕು.