ಕರಾವಳಿಯ ಮನೆದಾರಿಗೆ ಕಾಂಕ್ರೀಟ್: ಕಬ್ಬಿಣ ಬಿಡಿ, ನೀರಿಗೆ ದಾರಿ ಕೊಡಿ

ಕುಂದಾಪುರದಿಂದ ಉಳ್ಳಾಲದವರೆಗೆ ಗೇಟಿನಿಂದ ಅಂಗಳದ ತನಕ ಕಾಂಕ್ರೀಟ್ ಹಾಕಿಸಿದವರ ದೂರು ಹೆಚ್ಚುಕಡಿಮೆ ಒಂದೇ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಮೇಲ್ಪದರ ಹುಡಿಯಾಗಿ ಜಲ್ಲಿ ಹಲ್ಲು ಕಿರಿಯುತ್ತದೆ. ಐದಾರು ವರ್ಷಕ್ಕೆ ಕಂದು ಗೆರೆ ಏಳುತ್ತದೆ, ಆಮೇಲೆ ಆ ಗೆರೆಯುದ್ದಕ್ಕೂ ಬಿರುಕು. ಕಾರಿನ ಭಾರಕ್ಕೇ ಒಡೆದ ದಾರಿ ನಾನು ಕಂಡದ್ದು ಕಡಿಮೆ. ಕೆಡಿಸುವುದು ನೀರು: ಅಡಿಯಿಂದ ಬರುವ ನೀರು, ಮೇಲೆ ನಿಲ್ಲುವ ನೀರು, ಕಲಸುವಾಗ ಸುಲಭವಾಗಲೆಂದು ಸುರಿಯುವ ಒಂದು ಕೊಡ ಹೆಚ್ಚಿನ ನೀರು. ನಮ್ಮಲ್ಲಿ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅಷ್ಟು ನೀರಿಗೆ ಹೋಗಲು ದಾರಿ ಮಾಡಿಕೊಡದೆ ಸಿಮೆಂಟ್ ಎಷ್ಟು ಸುರಿದರೂ ಉಪಯೋಗವಿಲ್ಲ.

ಲೆಕ್ಕಕ್ಕೆ 60 ಅಡಿ ಉದ್ದ, 10 ಅಡಿ ಅಗಲದ ದಾರಿ ಇಟ್ಟುಕೊಳ್ಳೋಣ. ಕಾರು, ಆಟೋ, ಆಗೊಮ್ಮೆ ಈಗೊಮ್ಮೆ ಪಿಕಪ್ ಬರುವ ಮನೆಗೆ 5 ಇಂಚು ದಪ್ಪ ಸಾಕು. ಬರೀ ಕಾರಿಗೆ 4 ಇಂಚು ನಡೆಯುತ್ತದೆ. ಆದರೆ ಮನೆ ಎಂದ ಮೇಲೆ ಇಂದಲ್ಲ ನಾಳೆ ಕೆಂಪುಕಲ್ಲಿನ ಲಾರಿ ಒಳಗೆ ಬಂದೇ ಬರುತ್ತದೆ. ಹಾಗೆ ಲಾರಿ ಬರುವುದು ಖಚಿತವಾಗಿದ್ದರೆ 6 ಇಂಚು ಹಾಕಿ.

ಮೊದಲು ನೆಲ. ಮೇಲಿನ ಕಪ್ಪು ಮಣ್ಣು, ಬೇರು, ಕಸ ಎಲ್ಲ ತೆಗೆದು ಸುಮಾರು ಒಂದು ಅಡಿ ಅಗೆಯಬೇಕು. ಗಟ್ಟಿ ಮುರ (ಕೆಂಪುಕಲ್ಲಿನ ನೆಲ) ಸಿಕ್ಕಿದರೆ ಅದೃಷ್ಟ, ಅದಕ್ಕಿಂತ ಒಳ್ಳೆಯ ತಳ ಬೇರೆಯಿಲ್ಲ. ಭಯ ಇರುವುದು ಶೇಡಿ ಮಣ್ಣಿನದ್ದು. ಮುರಕಲ್ಲಿನ ಪದರದ ಅಡಿಗೆ ಸಿಗುವ ಬಿಳಿ, ಹಳದಿ, ನಸುಗೆಂಪು ಬಣ್ಣದ ಈ ಮಣ್ಣು ಬೇಸಿಗೆಯಲ್ಲಿ ಕಲ್ಲಿನಂತಿರುತ್ತದೆ. ಗುಡ್ಡ ಕಡಿದು ಸೈಟ್ ಮಾಡಿದಲ್ಲೆಲ್ಲ ಅದು ಮೇಲೆ ಬಂದಿರುತ್ತದೆ. ಪರೀಕ್ಷೆಗೆ ಲ್ಯಾಬ್ ಬೇಡ. ನಿಂಬೆಹಣ್ಣಿನಷ್ಟು ಒಣ ಉಂಡೆಯನ್ನು ಗಾಜಿನ ಲೋಟದ ನೀರಿಗೆ ಬಿಡಿ. ಮುರದ ತುಂಡು ಹಾಗೆಯೇ ಕೂತಿರುತ್ತದೆ, ನೀರು ಸ್ವಲ್ಪ ಕೆಂಪಾಗುತ್ತದೆ ಅಷ್ಟೆ. ಶೇಡಿಯಾದರೆ ಗುಳ್ಳೆ ಬಿಡುತ್ತ ಅಂಚಿನಿಂದ ಕಳಚಿ, ನೋಡನೋಡುತ್ತಿದ್ದಂತೆ ಲೋಟದ ತಳದಲ್ಲಿ ಅಂಬಲಿಯಾಗುತ್ತದೆ. ಬೆರಳಲ್ಲಿ ಉಜ್ಜಿದರೆ ಸಾಬೂನಿನ ಜಾರು. ಮಳೆ ನೀರು ಹೊಕ್ಕಾಗ ಕಾಂಕ್ರೀಟಿನ ಅಡಿಯಲ್ಲೂ ಅದೇ ಆಗುತ್ತದೆ. ಶೇಡಿ ಕಂಡರೆ ಇನ್ನೂ 9 ಇಂಚು ಅಗೆದು ತೆಗೆದು, ಮುರ ಮಣ್ಣು ತುಂಬಿಸಿ ಕೂರಿಸಬೇಕು.

ತುಂಬಿಸಿದ ಮಣ್ಣಿಗೆ ನೀರು ಬಿಟ್ಟು ‘ಕೂತಿತು’ ಅನ್ನುವ ರೂಢಿ ನಮ್ಮಲ್ಲಿದೆ. ಅದು ಕೂತಿರುವುದಿಲ್ಲ, ಒದ್ದೆಯಾಗಿರುತ್ತದೆ ಅಷ್ಟೆ. ಪ್ಲೇಟ್ ಕಾಂಪ್ಯಾಕ್ಟರ್ ಬಾಡಿಗೆಗೆ ತಂದು 4ರಿಂದ 6 ಇಂಚಿನ ಪದರಗಳಾಗಿ, ಪ್ರತಿ ಪದರಕ್ಕೂ ಕನಿಷ್ಠ ನಾಲ್ಕು ಸಲ ಓಡಿಸಬೇಕು. ಮಣ್ಣನ್ನು ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಕೈಗೆ ನೀರು ಅಂಟಬಾರದು. ಅಷ್ಟು ಪಸೆ ಸಾಕು. ಅದರ ಮೇಲೆ 40 ಮಿ.ಮೀ. ಜಲ್ಲಿ ಮತ್ತು ಜಲ್ಲಿಹುಡಿ ಬೆರೆಸಿದ 6 ಇಂಚಿನ ಪದರ. ನಮ್ಮ 600 ಚದರಡಿಗೆ ಕೂತ ಮೇಲೆ 300 ಘನ ಅಡಿ ಬೇಕು, ಅಂದರೆ ಸಡಿಲವಾಗಿ ಸುಮಾರು 380 ಘನ ಅಡಿ ತರಿಸಬೇಕು.

ವಾಟ, ಅಂದರೆ ನೀರು ಹರಿಯಲು ಇಳಿಜಾರು, ಕೊಡುವುದು ಈ ಹಂತದಲ್ಲೇ. ಕೆಳಗಿನ ಪದರ ಸಪಾಟಾಗಿಟ್ಟು ಕಾಂಕ್ರೀಟಿನಲ್ಲಿ ವಾಟ ತೆಗೆಯುತ್ತೇನೆ ಎಂದು ಹೊರಟರೆ ಒಂದು ಬದಿ 6 ಇಂಚು, ಇನ್ನೊಂದು ಬದಿ ಮೂರೂವರೆ ಇಂಚಾಗಿ, ತೆಳು ಬದಿಯೇ ಮೊದಲು ಒಡೆಯುತ್ತದೆ. 10 ಅಡಿ ಅಗಲಕ್ಕೆ ಎರಡೂವರೆ ಇಂಚು ಅಡ್ಡ ವಾಟ ಇಡುತ್ತೇನೆ. ಟ್ಯೂಬ್ ಲೆವೆಲ್ ಹಿಡಿದು ಎರಡೂ ಬದಿಯ ಗೂಟಕ್ಕೆ ಗುರುತು ಹಾಕಿದರೆ ತಪ್ಪುವುದಿಲ್ಲ. ಗುಡ್ಡದ ಬದಿಯಿಂದ ನೀರು ಇಳಿಯುವ ಜಾಗವಾದರೆ ಮೇಲ್ಬದಿಯಲ್ಲಿ 9 ಇಂಚು ಅಗಲ, 9 ಇಂಚು ಆಳದ ಚರಂಡಿ ಬೇಕೇ ಬೇಕು, ಅದು ತೋಡಿಗೆ (ಹಳ್ಳಕ್ಕೆ) ಸೇರಬೇಕು. ಇಲ್ಲದಿದ್ದರೆ ಪಾಗಾರದ (ಕಾಂಪೌಂಡ್ ಗೋಡೆಯ) ಅಡಿಯಿಂದ ನುಸುಳಿದ ನೀರು ದಾರಿಯ ಅಡಿಯನ್ನೇ ತೋಡು ಮಾಡಿಕೊಳ್ಳುತ್ತದೆ. ಎರಡೂ ಅಂಚಿನಲ್ಲಿ ಒಂದು ಅಡಿ ಅಗಲಕ್ಕೆ ದಪ್ಪವನ್ನು 8 ಇಂಚಿಗೆ ಏರಿಸುವುದೂ ಇದೇ ಕಾರಣಕ್ಕೆ: ಮಾಡಿನ (ಚಾವಣಿಯ) ನೀರು ಬೀಳುವಲ್ಲಿ ಅಂಚಿನ ಮಣ್ಣು ಮೊದಲು ಕೊಚ್ಚಿ ಹೋಗುತ್ತದೆ.

ಇನ್ನು ಕಬ್ಬಿಣ. ಈ ವಿಷಯದಲ್ಲಿ ನನಗೂ ಮೇಸ್ತ್ರಿಗಳಿಗೂ ಯಾವಾಗಲೂ ಜಟಾಪಟಿ. 8 ಎಂ.ಎಂ. ಸರಳು ಕಟ್ಟಿದರೆ ‘ಗಟ್ಟಿ’ ಎಂಬ ನಂಬಿಕೆ. ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456:2000ರ ಪ್ರಕಾರ ಕರಾವಳಿ ವಾತಾವರಣ ‘ತೀವ್ರ’ ವರ್ಗಕ್ಕೆ ಸೇರುತ್ತದೆ. ಅಲ್ಲಿ ಕಬ್ಬಿಣವಿರುವ ಕಾಂಕ್ರೀಟಿಗೆ ಕನಿಷ್ಠ ಎಂ30 (ಇದು ಕಾಂಕ್ರೀಟಿನ ಗಟ್ಟಿತನದ ದರ್ಜೆ), ನೀರು-ಸಿಮೆಂಟ್ ಅನುಪಾತ 0.45 ಮೀರಬಾರದು, ಸರಳಿನ ಮೇಲೆ 45 ಮಿ.ಮೀ. ಕವರ್, ಅಂದರೆ ಕಾಂಕ್ರೀಟಿನ ಹೊದಿಕೆ, ಇರಬೇಕು. ಕಬ್ಬಿಣವಿಲ್ಲದಿದ್ದರೆ ಎಂ20, ಅನುಪಾತ 0.50 ಸಾಕು. ಬುಟ್ಟಿ ಲೆಕ್ಕದಲ್ಲಿ ಕಲಸುವಲ್ಲಿ ಎಂ30 ಬರುವುದಿಲ್ಲ. ನಡೆಯುವುದು ಹೀಗೆ: ಜಾಲರಿಯನ್ನು ನೆಲದ ಮೇಲೆ ಹಾಸಿ, ಅದರ ಮೇಲೆ ಕಾಂಕ್ರೀಟ್ ಸುರಿದು, ಮಧ್ಯೆ ಮಧ್ಯೆ ಕೊಕ್ಕೆಯಲ್ಲಿ ‘ಎತ್ತಿ’, ಮತ್ತೆ ಅದನ್ನೇ ತುಳಿದುಕೊಂಡು ಓಡಾಡುತ್ತಾರೆ. ಅಡಿಯಲ್ಲಿ ಕೂತ ಸರಳು ಮೇಲಿನ ಬಿರುಕನ್ನು ತಡೆಯುವುದಿಲ್ಲ. ಅಡಿಯ ಪಸೆಗೆ, ಉಪ್ಪಿಗೆ ತುಕ್ಕು ಮಾತ್ರ ಹಿಡಿಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡು ಪಾಲಿಗೂ ಮಿಕ್ಕಿ ಜಾಗ ಕೇಳುತ್ತದೆ, ಆ ಒತ್ತಡಕ್ಕೆ ಕಾಂಕ್ರೀಟ್ ಸರಳಿನುದ್ದಕ್ಕೂ ಸೀಳುತ್ತದೆ. ಮೇಲೆ ಹೇಳಿದ ಕಂದು ಗೆರೆ ಇದೇ. ಹಾಗಾಗಿ ನೆಲ ಗಟ್ಟಿ ಮಾಡಿ, ಜಾಯಿಂಟ್ (ಬಿರುಕು ನಾವು ಹೇಳಿದಲ್ಲೇ ಬರಲೆಂದು ಕೊಯ್ಯುವ ಗೆರೆ) ಸರಿಯಾಗಿ ಕೊಟ್ಟು, ಕಬ್ಬಿಣ ಬಿಟ್ಟುಬಿಡುವುದು ನನ್ನ ಕ್ರಮ. ಹಸಿ ಇರುವಾಗ ಬರುವ ಸಣ್ಣ ಬಿರುಕಿಗೆ ಮೂಟೆಗೊಂದರಂತೆ 125 ಗ್ರಾಂ ಪಾಲಿಪ್ರೊಪಿಲೀನ್ ಫೈಬರ್ ಹಾಕುತ್ತೇನೆ. ಅದು ಸರಳಿಗೆ ಬದಲಿ ಅಲ್ಲ, ಮೊದಲ ದಿನದ ಕಾವಲು ಮಾತ್ರ. ಸ್ಲೈಡಿಂಗ್ ಗೇಟಿನ ಹಳಿಗೆ, ಬೋಲ್ಟಿಗೆ ಎಸ್ಎಸ್ (ಸ್ಟೇನ್‌ಲೆಸ್ ಸ್ಟೀಲ್) 316 ಹಾಕಿಸಿ. 304 ಕಡಲ ಗಾಳಿಗೆ ಚಹಾ ಬಣ್ಣಕ್ಕೆ ತಿರುಗುತ್ತದೆ.

ಸಾಮಾನು. 5 ಇಂಚಿಗೆ 250 ಘನ ಅಡಿ ಕಾಂಕ್ರೀಟ್, ಅಂದರೆ 7 ಘನ ಮೀಟರಿಗೆ ತುಸು ಮೇಲೆ. 1:1½:3 ಲೆಕ್ಕದಲ್ಲಿ, ಪೋಲಾಗುವುದನ್ನೂ ಸೇರಿಸಿ 60 ಮೂಟೆ ಸಿಮೆಂಟ್, 110 ಘನ ಅಡಿ ಮರಳು, 220 ಘನ ಅಡಿ ಜಲ್ಲಿ. ಅಂಚಿನ ದಪ್ಪಕ್ಕೆ ಇನ್ನೊಂದು 7-8 ಮೂಟೆ, ಅದಕ್ಕೆ ತಕ್ಕ ಮರಳು, ಜಲ್ಲಿ. ಜಲ್ಲಿಯಲ್ಲಿ 20 ಎಂ.ಎಂ. ಮೂರು ಪಾಲು, 12 ಎಂ.ಎಂ. ಎರಡು ಪಾಲು. ಸಿಮೆಂಟ್ ಪಿಪಿಸಿ (ಹಾರುಬೂದಿ ಬೆರೆಸಿದ್ದು) ಅಥವಾ ಸ್ಲ್ಯಾಗ್ (ಕುಲುಮೆಯ ಕಿಟ್ಟ ಬೆರೆಸಿದ) ಸಿಮೆಂಟ್. ಎರಡೂ ನಿಧಾನಕ್ಕೆ ಗಟ್ಟಿಯಾಗುತ್ತವೆ, ಆದರೆ ಉಪ್ಪನ್ನು ಒಳಗೆ ಬಿಡುವುದು ಕಡಿಮೆ.

ಹೊಳೆ ಕಡಲು ಸೇರುವ ಅಳಿವೆ ಬಾಗಿಲಿನ ಹೊಯ್ಗೆ (ಮರಳು) ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ. ಚಿಪ್ಪಿನ ಚೂರು ಕಂಡರೆ ಆ ಲೋಡು ವಾಪಸ್. ಎಂ-ಸ್ಯಾಂಡ್ ಆದರೆ ಹುಡಿ ಹೆಚ್ಚಿರದ, ತೊಳೆದ ಮಾಲು ಕೇಳಿ. ನೀರಿನದ್ದೂ ಇದೇ ಕಥೆ: ಹೊಳೆಬದಿಯ ಬಾವಿ ಡಿಸೆಂಬರಿನಲ್ಲಿ ಸಿಹಿ ಇದ್ದದ್ದು ಏಪ್ರಿಲ್-ಮೇಯಲ್ಲಿ ಉಪ್ಪಾಗುತ್ತದೆ. ಕಬ್ಬಿಣವಿಲ್ಲದ ಕಾಂಕ್ರೀಟಿಗೆ ಲೀಟರಿಗೆ 2000 ಮಿ.ಗ್ರಾಂ ಕ್ಲೋರೈಡ್ ತನಕ ಅವಕಾಶವಿದೆ, ಕಬ್ಬಿಣವಿದ್ದರೆ 500 ಮಾತ್ರ. ಕುಡಿಯಲು ಆಗದ ನೀರನ್ನು ನಾನು ಮಿಕ್ಸರಿಗೂ ಬಿಡುವುದಿಲ್ಲ.

ಒಂದು ಮೂಟೆಗೆ ನೀರು 25 ಲೀಟರ್, ಅದು ಗರಿಷ್ಠ. ಮರಳು ಒದ್ದೆಯಾಗಿದ್ದರೆ ಅದರಲ್ಲೇ 3-4 ಲೀಟರ್ ಇರುತ್ತದೆ, ಅಷ್ಟು ಕಳೆಯಬೇಕು. ಒದ್ದೆ ಮರಳು ಉಬ್ಬಿಯೂ ಇರುತ್ತದೆ, ಕಾಲು ಭಾಗದಷ್ಟು. ಬುಟ್ಟಿ ತುಂಬಿದಂತೆ ಕಂಡರೂ ಮರಳು ಕಡಿಮೆ ಬಿದ್ದಿರುತ್ತದೆ. ಆದ್ದರಿಂದ 35 ಲೀಟರಿನ ಫರ್ಮಾ ಪೆಟ್ಟಿಗೆ ಮಾಡಿಸಿ: ಒಂದು ಮೂಟೆಗೆ ಒಂದೂವರೆ ಪೆಟ್ಟಿಗೆ ಮರಳು, ಮೂರು ಪೆಟ್ಟಿಗೆ ಜಲ್ಲಿ. ಮರಳು ಒದ್ದೆಯಿದ್ದರೆ ಸ್ವಲ್ಪ ಮೇಲೆ. ನೀರಿಗೆ ಗುರುತು ಹಾಕಿದ ಒಂದೇ ಬಕೆಟ್, ಅದನ್ನು ಹಿಡಿಯಲು ಒಂದೇ ಜನ. ಕಾಂಕ್ರೀಟ್ ಬಿಗಿ ಅನ್ನಿಸಿದರೆ ಪ್ಲಾಸ್ಟಿಸೈಸರ್ (ನೀರು ಹೆಚ್ಚಿಸದೆ ಕಾಂಕ್ರೀಟನ್ನು ಸಡಿಲಿಸುವ ದ್ರಾವಣ) ಹಾಕಿ, ಅದರ ಡಬ್ಬಿಯ ಮೇಲೆ ಬರೆದ ಪ್ರಮಾಣದಲ್ಲಿ. ರೆಡಿಮಿಕ್ಸ್ ಲಾರಿ ಒಳಗೆ ಬರುವಷ್ಟು ರಸ್ತೆಯಿದ್ದರೆ ಎಂ25 ತರಿಸುವುದು ಸುಲಭ. ಡ್ರಮ್ಮಿಗೆ ನೀರಿನ ಪೈಪ್ ಹಿಡಿಯಲು ಮಾತ್ರ ಯಾರನ್ನೂ ಬಿಡಬೇಡಿ.

ಕೆಲಸಕ್ಕೆ ಒಳ್ಳೆಯ ಕಾಲ ಡಿಸೆಂಬರಿನಿಂದ ಮಾರ್ಚ್. ಏನೇ ಆದರೂ ಪತ್ತನಾಜೆಗೆ (ಮೇ ಕೊನೆಯ ವಾರದ ಹೊತ್ತಿಗೆ ಬರುವ ತುಳುನಾಡಿನ ಆಚರಣೆ) ಮೊದಲು ಕ್ಯೂರಿಂಗ್, ಅಂದರೆ ಕಾಂಕ್ರೀಟನ್ನು ಒದ್ದೆಯಾಗಿಡುವುದು, ಕೂಡ ಮುಗಿದಿರಬೇಕು. ಬೆಳಿಗ್ಗೆ 6ಕ್ಕೆ ಮಿಕ್ಸರ್ ಶುರುವಾದರೆ ಕಡಲ ಗಾಳಿ ಏಳುವ 11ರ ಹೊತ್ತಿಗೆ ಹಾಕುವುದು ಮುಗಿದಿರುತ್ತದೆ. ಗಾಳಿ ಮತ್ತು ಬಿಸಿಲು ಸೇರಿದಾಗ ಮೇಲಿನ ನೀರು ಹಾರಿ, ಹಸಿ ಕಾಂಕ್ರೀಟಿನ ಮೇಲೆ ಜೇಡರಬಲೆಯಂಥ ಬಿರುಕು ಮೂಡುತ್ತದೆ. ಜಲ್ಲಿ ಪದರದ ಮೇಲೆ ಪಾಲಿಥೀನ್ ಹಾಳೆ, ಅಂಚುಗಳು ಒಂದರ ಮೇಲೊಂದು 6 ಇಂಚು ಬರುವಂತೆ. ಮನೆಯ ಪಂಚಾಂಗ (ಅಡಿಪಾಯದ ಕಟ್ಟು), ಪಾಗಾರ, ಗೇಟಿನ ಕಂಬಕ್ಕೆ ಕಾಂಕ್ರೀಟ್ ತಾಗುವಲ್ಲೆಲ್ಲ 12 ಮಿ.ಮೀ. ಬಿಟುಮೆನ್ ಬೋರ್ಡ್. ಇಳಿಜಾರಿನ ದಾರಿಯಾದರೆ ಕೆಳಗಿನಿಂದ ಮೇಲಕ್ಕೆ ಹಾಕುತ್ತ ಹೋಗಿ.

ಮಟ್ಟದ ಪಟ್ಟಿ ಎಳೆದ ಮೇಲೆ ಕಾಯುವುದೇ ಕೆಲಸ. ಮೇಲೆ ನೀರು ಮಿನುಗುತ್ತಿರುವಾಗ ಕರಣೆ ಮುಟ್ಟಿಸಬಾರದು. ಬೇಗ ಒಣಗಲಿ ಎಂದು ಒಣ ಸಿಮೆಂಟ್ ಉದುರಿಸಿ ತಿಕ್ಕುತ್ತಾರಲ್ಲ, ಮರುವರ್ಷ ಹಪ್ಪಳದಂತೆ ಏಳುವುದು ಆ ಸಿಪ್ಪೆಯೇ. ಹೊಳಪು ಹೋಗಿ, ಚಪ್ಪಲಿ ಇಟ್ಟರೆ ಕಾಲಿಂಚಿನಷ್ಟು ಮಾತ್ರ ಗುರುತು ಬೀಳುವಾಗ ಮರದ ಫ್ಲೋಟ್ (ಮೇಲ್ಮೈ ಸಮ ಮಾಡುವ ಹಲಗೆ) ಆಡಿಸಿ, ಆಮೇಲೆ ಹಿಡಿಸೂಡಿ (ಕಡ್ಡಿ ಪೊರಕೆ). ಹೊಸ ಹಿಡಿಸೂಡಿ ಒಳ್ಳೆಯದಲ್ಲ, ತುದಿ ಎಳಸಾಗಿ ಬಾಗಿ ಒಂದೊಂದು ಕಡೆ ಒಂದೊಂದು ಆಳ ಗೀರುತ್ತದೆ. ತುದಿಯ ನಾಲ್ಕು ಇಂಚು ಕತ್ತರಿಸಿ ಸಮ ಮಾಡಿ, ನೀರಿಗೆ ಅದ್ದಿ ಕೊಡವಿ, ಮೇಲ್ಬದಿಯಿಂದ ಕೆಳಬದಿಗೆ ಒಂದೇ ಎಳೆತ, ವಾಪಸ್ ತಳ್ಳಬಾರದು. ಗೆರೆ ಅಡ್ಡ ವಾಟದ ದಿಕ್ಕಿಗೇ ಇದ್ದರೆ ನೀರೂ ಇಳಿಯುತ್ತದೆ, ಟೈರಿಗೆ ಹಿಡಿತವೂ ಸಿಗುತ್ತದೆ. ಕಡಿದಾದ ಏರಿನಲ್ಲಿ ಇದು ಸಾಲದು. ಅಲ್ಲಿ ಅರ್ಧ ಇಂಚಿನ ಪೈಪನ್ನು 6 ಇಂಚಿಗೊಮ್ಮೆ ಒತ್ತಿ ತಗ್ಗುಗೆರೆ ಮಾಡಿ.

ಜಾಯಿಂಟ್ 10 ಅಡಿಗೊಂದು. ದಪ್ಪದ 24 ಪಟ್ಟು ಎಂಬುದು ಲೆಕ್ಕ, 5 ಇಂಚಿಗೆ 120 ಇಂಚು. ಒಟ್ಟು ಐದು ಗೆರೆ, ಆರು ಚೌಕ. ಕಟ್ಟರ್ ಅದೇ ದಿನ ಸಂಜೆ ಓಡಬೇಕು, ಆಳ ಒಂದೂವರೆ ಇಂಚು. ‘ನಾಳೆ ನೋಡೋಣ’ ಅಂದರೆ ರಾತ್ರಿಯೇ ಕಾಂಕ್ರೀಟ್ ತನಗೆ ಬೇಕಾದಲ್ಲಿ ಗೆರೆ ಎಳೆದುಕೊಂಡಿರುತ್ತದೆ. ಕಟ್ಟರ್ ಸಿಗದ ಊರಿನಲ್ಲಿ 1, 3, 5ನೇ ಚೌಕ ಒಂದು ದಿನ, 2, 4, 6 ಎರಡು ದಿನ ಬಿಟ್ಟು.

ಕ್ಯೂರಿಂಗ್ 14 ದಿನ. ವಾಟ ಇರುವಲ್ಲಿ ಕಟ್ಟೆ ಕಟ್ಟಿ ನೀರು ನಿಲ್ಲಿಸಲು ಆಗದು. ಒದ್ದೆ ಗೋಣಿ ಹಾಸಿ, ಮೇಲೆ ಪ್ಲಾಸ್ಟಿಕ್ ಹೊದಿಸಿ, ದಿನಕ್ಕೆ ಮೂರು ಸಲ ನೀರು ಕೊಡಿ. ಬೈಹುಲ್ಲು, ಮಡಲು (ತೆಂಗಿನ ಗರಿ) ಹಾಸಿದರೆ ಕಂದು ಕಲೆ ಉಳಿಯುತ್ತದೆ. ಮರುದಿನ ನಡೆಯಬಹುದು, ಕಾರು 14 ದಿನದ ಮೇಲೆ, ಲಾರಿ 28 ದಿನದ ಮೇಲೆ. ತಿಂಗಳಾದ ಮೇಲೆ ಜಾಯಿಂಟಿನ ಹುಡಿ ಊದಿ ತೆಗೆದು, ಬ್ಯಾಕರ್ ರಾಡ್ (ಫೋಮಿನ ಹುರಿ) ಇಟ್ಟು ಪಾಲಿಸಲ್ಫೈಡ್ ಅಥವಾ ಪಿಯು (ಪಾಲಿಯುರೆಥೇನ್) ಸೀಲಂಟ್ ತುಂಬಿಸಿ. ಡಾಂಬರು ಸುರಿದರೆ ಮೇ ತಿಂಗಳಲ್ಲಿ ಕರಗಿ ಚಪ್ಪಲಿಯ ಜೊತೆ ಜಗಲಿಗೆ ಬರುತ್ತದೆ.

ಆಮೇಲಿನ ಆರೈಕೆಯಲ್ಲಿ ಮುಖ್ಯ ಪಾಚಿ. ಮೇ ಕೊನೆಯಲ್ಲಿ ಒಮ್ಮೆ, ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಮಳೆ ಬಿಡುವು ಕೊಟ್ಟಾಗ ಇನ್ನೊಮ್ಮೆ ಗಡಸು ಬ್ರಶ್ಶಿನಲ್ಲಿ ತಿಕ್ಕಬೇಕು. ಬ್ಲೀಚಿಂಗ್ ಪೌಡರ್ ನೀರು ಹತ್ತು-ಹದಿನೈದು ನಿಮಿಷ ಬಿಟ್ಟು ಚೆನ್ನಾಗಿ ತೊಳೆಯಿರಿ. ಕಬ್ಬಿಣವಿಲ್ಲದ ದಾರಿಗೆ ಅದರಿಂದ ತೊಂದರೆಯಿಲ್ಲ. ಕಬ್ಬಿಣ ಹಾಕಿಸಿದವರು ಅದನ್ನೂ ಬಿಡುವುದು ಲೇಸು, ಕ್ಲೋರೈಡ್ ನಾವೇ ತಂದು ಸುರಿದಂತಾಗುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ ಯಾರಿಗೂ ಬೇಡ: ಪಾಚಿಯ ಜೊತೆ ಸಿಮೆಂಟನ್ನೂ ತಿಂದು ನೆಲ ಒರಟಾಗಿಸುತ್ತದೆ, ಒರಟಾದಲ್ಲಿ ಪಾಚಿ ಇನ್ನೂ ಬೇಗ ಬೇರೂರುತ್ತದೆ. ಪ್ರೆಶರ್ ವಾಷರ್ ಇದ್ದರೆ ಬೀಸಣಿಗೆಯಂತೆ ಚಿಮ್ಮುವ ನಳಿಗೆ ಹಾಕಿ, ಒಂದು ಅಡಿ ದೂರ ಹಿಡಿಯಿರಿ. ಸೀಲರ್ ಹಚ್ಚುವುದಾದರೆ ಒಳಗೆ ಇಳಿಯುವ ಸಿಲೇನ್-ಸಿಲಾಕ್ಸೇನ್ ಮಾದರಿ, ಫೆಬ್ರವರಿ-ಮಾರ್ಚಿನಲ್ಲಿ ನೆಲ ಪೂರ್ತಿ ಒಣಗಿದ್ದಾಗ. ಹೊಳೆಯುವ ಅಕ್ರಿಲಿಕ್ ಮಳೆಗೆ ಜಾರುತ್ತದೆ, ಅಡಿಯ ಪಸೆಗೆ ಬೆಳ್ಳಗಾಗಿ ಎದ್ದುಬರುತ್ತದೆ.

ಪ್ರತಿ ಮಳೆಗಾಲ ಮುಗಿದ ಮೇಲೆ ಹಾರೆಯ ಹಿಂಬದಿಯಿಂದ ಅಂಚುಗಳನ್ನು ಕುಟ್ಟಿ ನೋಡುತ್ತೇನೆ. ಡಬಡಬ ಸದ್ದು ಬಂದಲ್ಲಿ ಅಡಿಯ ಮಣ್ಣು ಹೋಗಿದೆ. ಒಂದೂವರೆ ಇಂಚಿನ ತೂತು ಕೊರೆದು ತೆಳು ಸಿಮೆಂಟ್ ಹಾಲು ತುಂಬುವವರೆಗೆ ಇಳಿಸಬೇಕು, ಜೊತೆಗೆ ಆ ನೀರು ಎಲ್ಲಿಂದ ಬಂತೆಂದು ಹುಡುಕಿ ತಿರುಗಿಸಬೇಕು. ಕೂದಲೆಳೆಯ ಬಿರುಕು ಹಾಗೆಯೇ ಇರಲಿ. 3 ಮಿ.ಮೀ. ಮೀರಿದ್ದನ್ನು ಕಟ್ಟರಿನಲ್ಲಿ ಬಿಡಿಸಿ ಸೀಲಂಟ್ ತುಂಬಿಸಿ. ಒಂದು ಚೌಕವೇ ಕುಸಿದರೆ ಅದನ್ನಷ್ಟೇ ಜಾಯಿಂಟಿನಿಂದ ಜಾಯಿಂಟಿಗೆ ಒಡೆದು ತೆಗೆದು ಹೊಸದಾಗಿ ಹಾಕಬಹುದು, 10 ಮೂಟೆ ಸಿಮೆಂಟಿನ ಕೆಲಸ.