ಕಥೆ ಬರೆಯಲು ತಂತ್ರಾಂಶ ಆರಿಸಿಕೊಂಡ ಬಗೆ: ನನ್ನ ಅನುಭವ

2018ರಲ್ಲಿ ಶಿರಸಿಯ ಮಾರಿಕಾಂಬಾ ಜಾತ್ರೆ ಮುಗಿದು, ಮನೆಗೆ ಬಂದಿದ್ದ ನೆಂಟರೆಲ್ಲ ಹಿಂದಿರುಗಿದ ಮೇಲೆ, ಅದುವರೆಗೆ ಬರೆದಿದ್ದ ಕಥೆಗಳನ್ನು ಒಟ್ಟುಗೂಡಿಸಿ ಒಂದು ಸಂಕಲನ ತರಬೇಕೆಂದು ಕುಳಿತೆ. 2004ರಿಂದ 2011ರವರೆಗೆ ಬರೆದ ಹದಿನಾಲ್ಕು ಕಥೆಗಳು ಒಂದು ಪೆನ್‌ಡ್ರೈವ್‌ನಲ್ಲಿದ್ದವು. ಅವುಗಳನ್ನು ಬರೆದ ಹಳೆಯ ಕಂಪ್ಯೂಟರು ಒಂದು ಮಳೆಗಾಲದ ಸಿಡಿಲಿಗೆ ಬಲಿಯಾಗಿತ್ತು. ಹೊಸ ಲ್ಯಾಪ್‌ಟಾಪ್‌ನಲ್ಲಿ ಕಡತಗಳು ತೆರೆದುಕೊಂಡವು, ಆದರೆ ಅವುಗಳಲ್ಲಿ ಕನ್ನಡವಿರಲಿಲ್ಲ. ತಲೆಯ ಮೇಲೆ ಚುಕ್ಕೆ, ಕೊಂಬು, ಗೆರೆಗಳನ್ನು ಹೊತ್ತ ರೋಮನ್ ಅಕ್ಷರಗಳು ಪುಟದಿಂದ ಪುಟಕ್ಕೆ ಸಾಲುಗಟ್ಟಿದ್ದವು.

ಕಾರಣ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಆ ಕಾಲದ ಬಹುತೇಕ ಕನ್ನಡ ತಂತ್ರಾಂಶಗಳು ಕನ್ನಡದ ಅಕ್ಷರಗಳಿಗೆ ತಮ್ಮದೇ ಸ್ಥಾನವಿಲ್ಲದ ಸಂಕೇತ ಪದ್ಧತಿಯನ್ನು ಬಳಸುತ್ತಿದ್ದವು. ರೋಮನ್ ಅಕ್ಷರಗಳಿಗೆ ಮೀಸಲಾದ ಜಾಗಗಳಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದ ಫಾಂಟ್ ಇದ್ದರೆ ಮಾತ್ರ ಬರಹ ಓದಲು ಸಿಗುತ್ತಿತ್ತು. ಕಂಪ್ಯೂಟರಿನ ಮಟ್ಟಿಗೆ ನಾನು ಏಳು ವರ್ಷ ಬರೆದದ್ದು ಕನ್ನಡವೇ ಅಲ್ಲ. ಪರಿವರ್ತಕಗಳ ನೆರವಿನಿಂದ ಹನ್ನೆರಡು ಕಥೆಗಳನ್ನು, ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸ್ಥಾನವಿರುವ ಯೂನಿಕೋಡ್‌ ಸಂಕೇತಕ್ಕೆ ತಂದೆ. ಅರ್ಕಾವತ್ತು ತಪ್ಪಿದಲ್ಲಿ, ಒತ್ತಕ್ಷರ ಕಳಚಿದಲ್ಲಿ ಕೈಯಿಂದಲೇ ತಿದ್ದಬೇಕಾಯಿತು. ಉಳಿದೆರಡನ್ನು ಬೇರೊಂದು ತಯಾರಕರ ಫಾಂಟಿನಲ್ಲಿ ಬರೆದಿದ್ದೆ. ಒಬ್ಬೊಬ್ಬ ತಯಾರಕರು ಅಕ್ಷರಗಳನ್ನು ಒಂದೊಂದು ಕ್ರಮದಲ್ಲಿ ಜೋಡಿಸಿದ್ದುದರಿಂದ ಆ ಎರಡು ಕಥೆಗಳು ಯಾವ ಪರಿವರ್ತಕಕ್ಕೂ ಒಗ್ಗಲಿಲ್ಲ. ಒಂದನ್ನು ನೆನಪಿನಿಂದ ಮತ್ತೆ ಬರೆದೆ. ಇನ್ನೊಂದನ್ನು ಬಿಟ್ಟೆ, ಅದು ಅಷ್ಟೇನೂ ಒಳ್ಳೆಯ ಕಥೆಯಾಗಿರಲಿಲ್ಲ.

ಈ ಪೆಟ್ಟಿನ ನಂತರ ನಾನು ಆಯ್ಕೆಯ ಕ್ರಮವನ್ನೇ ತಿರುವು ಮುರುವು ಮಾಡಿಕೊಂಡೆ. ಸಾಮಾನ್ಯವಾಗಿ ನಾವು ಮೊದಲು ತಂತ್ರಾಂಶ ಯಾವುದೆಂದು ಕೇಳುತ್ತೇವೆ, ಕೀಲಿಮಣೆ ಮತ್ತು ಸಂಕೇತ ಪದ್ಧತಿಗಳು ಅದರ ಹಿಂದೆ ತಾವಾಗಿ ಬರುತ್ತವೆ. ನಾನು ಮೊದಲು ಕೀಲಿಮಣೆಯನ್ನು ನಿಶ್ಚಯಿಸಿದೆ, ಆಮೇಲೆ ಸಂಕೇತ ಪದ್ಧತಿಯನ್ನು, ಎಲ್ಲಕ್ಕಿಂತ ಕೊನೆಗೆ ತಂತ್ರಾಂಶವನ್ನು.

ಕೀಲಿಮಣೆಯ ವಿಷಯದಲ್ಲಿ ಯೋಚಿಸುವಂಥದ್ದು ಹೆಚ್ಚೇನೂ ಇರಲಿಲ್ಲ. ಕೆ.ಪಿ. ರಾವ್ ಅವರ ವಿನ್ಯಾಸ ನನ್ನ ಬೆರಳುಗಳಿಗೆ ರೂಢಿಯಾಗಿತ್ತು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿ ಅದೇ ಇದೆ, ಲಿನಕ್ಸ್‌ನಲ್ಲಿ ಐಬಸ್ ಎಂಬ ಬೆರಳಚ್ಚು ಸಾಧನದ ಮೂಲಕವೂ ಅದು ಸಿಗುತ್ತದೆ, ಅದೇ ಬೆರಳಾಟದಿಂದ ಯೂನಿಕೋಡ್‌ನಲ್ಲಿಯೂ ಬರೆಯಬಹುದು. ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ವಿನ್ಯಾಸ ಹೆಚ್ಚು ಶಾಸ್ತ್ರೀಯವೆಂದು ಹೇಳುವವರಿದ್ದಾರೆ. ಐವತ್ತು ದಾಟಿದವನಿಗೆ ಸಂಭಾಷಣೆ ಬರೆಯುತ್ತಿರುವಾಗ ಕೀಲಿಯನ್ನು ಹುಡುಕುತ್ತ ಕೂರುವ ವ್ಯವಧಾನವಿರುವುದಿಲ್ಲ. ಸಂಕೇತ ಪದ್ಧತಿಯಂತೂ ಯೂನಿಕೋಡ್ ಎಂದು ಆ ಹದಿನಾಲ್ಕು ಕಥೆಗಳೇ ನಿರ್ಧರಿಸಿಬಿಟ್ಟಿದ್ದವು.

ಉಳಿದದ್ದು ತಂತ್ರಾಂಶ. ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗ ರಜೆಗೆ ಬಂದಾಗ, ‘ಮಾವ, ಕಾದಂಬರಿ ಬರೆಯುವವರಿಗಾಗಿಯೇ ಮಾಡಿದ್ದು ಇದು’ ಎಂದು ತನ್ನ ಯಂತ್ರದಲ್ಲಿ ಸ್ಕ್ರಿವ್‌ನರ್ ತೋರಿಸಿದ. ಒಂದೊಂದು ದೃಶ್ಯವನ್ನೂ ಒಂದೊಂದು ಚೀಟಿಯಂತೆ ಬರೆದು, ಚೀಟಿಗಳನ್ನು ಹಲಗೆಯ ಮೇಲೆ ಹಿಂದೆಮುಂದೆ ಸರಿಸಬಹುದಾದ ಅದರ ಏರ್ಪಾಡು ನನಗೆ ನಿಜಕ್ಕೂ ಹಿಡಿಸಿತು. ಆದರೆ ಒಂದು ವಾರ ಕಳೆದ ಮೇಲೆ ನೋಡಿದರೆ ನಾನು ಚೀಟಿಗಳನ್ನು ಅಂದವಾಗಿ ಜೋಡಿಸಿದ್ದೆ, ಕಥೆ ಮಾತ್ರ ಎರಡು ಪುಟ ದಾಟಿರಲಿಲ್ಲ. ದೋಷ ತಂತ್ರಾಂಶದ್ದಲ್ಲ, ಕೆಲಸ ತಪ್ಪಿಸಿಕೊಳ್ಳಲು ನನಗೆ ಸಿಕ್ಕ ಹೊಸ ಉಪಾಯ ಅದಾಗಿತ್ತು. ಮೈಕ್ರೋಸಾಫ್ಟ್ ವರ್ಡ್ ಯೂನಿಕೋಡ್ ಕನ್ನಡವನ್ನು ಚೆನ್ನಾಗಿಯೇ ನಿಭಾಯಿಸುತ್ತದೆ. ವರ್ಷಕ್ಕೊಮ್ಮೆ ಚಂದಾ ಕಟ್ಟುವುದು ಬೇಡವೆನಿಸಿತು, ಅಷ್ಟೇ.

ಗೂಗಲ್ ಡಾಕ್ಸ್ ಅನ್ನು ಸುಮಾರು ಎಂಟು ತಿಂಗಳು ಬಳಸಿದೆ. ಕಾರವಾರದಲ್ಲಿರುವ ಗೆಳೆಯರೊಬ್ಬರು ನನ್ನ ಮೊದಲ ಓದುಗರು. ಅವರು ಅಲ್ಲಿಂದಲೇ ಅಂಚಿನಲ್ಲಿ ಬರೆದ ಟಿಪ್ಪಣಿ ಇಲ್ಲಿ ನನ್ನ ಪರದೆಯ ಮೇಲೆ ಕಾಣಿಸಿಕೊಳ್ಳುವುದು ಒಂದು ಸೊಗಸು. ಆದರೆ ನಮ್ಮ ಮನೆಯಲ್ಲಿ ನೆಟ್‌ವರ್ಕ್ ಬೇಕೆಂದರೆ ತೋಟದ ಮೇಲಿನ ಬೆಟ್ಟ ಹತ್ತಬೇಕು. ಆಫ್‌ಲೈನ್ ಆಯ್ಕೆಯನ್ನು ಸಂಪರ್ಕವಿರುವಾಗಲೇ ಚಾಲೂ ಮಾಡಿಟ್ಟುಕೊಳ್ಳಬೇಕೆಂಬುದು ನನಗೆ ತಿಳಿದಿರಲಿಲ್ಲ. ಆಷಾಢದ ಮಳೆಯಲ್ಲಿ ನಾಲ್ಕು ದಿನ ಸಂಪರ್ಕ ಕಡಿದಾಗ ನಾನು ಆಗ ಬರೆಯುತ್ತಿದ್ದ ಕಾದಂಬರಿ ಎಲ್ಲೋ ಇತ್ತು, ನಾನು ಇಲ್ಲಿದ್ದೆ.

ಹೀಗೆ ಸುತ್ತಿ ಬಂದು ನಿಂತದ್ದು ಲಿಬ್ರೆಆಫೀಸ್ ರೈಟರ್‌ನಲ್ಲಿ. ಉಚಿತವಾಗಿ ಸಿಗುತ್ತದೆ ಎಂಬುದಕ್ಕಿಂತ ಅದರ ಕಡತದ ಸ್ವರೂಪ ನನಗೆ ಹೆಚ್ಚು ಮುಖ್ಯವಾಯಿತು. ಅದು ಬಳಸುವ ಓಡಿಎಫ್ 2006ರಲ್ಲಿ ಅಂತರರಾಷ್ಟ್ರೀಯ ಮಾನಕವಾಗಿದೆ. ಆ ಕಡತ ವಾಸ್ತವವಾಗಿ ಒಂದು ಜಿಪ್ ಗಂಟು. ಗಂಟು ಬಿಚ್ಚಿದರೆ ಒಳಗೆ ಇಡೀ ಬರಹ ಸಾದಾ ಪಠ್ಯವಾಗಿ ಕಣ್ಣಿಗೆ ಕಾಣುತ್ತದೆ. ನಾಳೆ ಈ ತಂತ್ರಾಂಶವೇ ಇಲ್ಲವಾದರೂ ನನ್ನ ಕಥೆಯನ್ನು ಯಾರಾದರೂ ಹೊರತೆಗೆಯಬಲ್ಲರು ಎಂಬ ಧೈರ್ಯ, ಒಮ್ಮೆ ಕೈಸುಟ್ಟುಕೊಂಡವನಿಗೆ ಬಹಳ ದೊಡ್ಡದು.

ಅದನ್ನು ಕನ್ನಡಕ್ಕೆ ಹೊಂದಿಸಿಕೊಳ್ಳಲು ಒಂದು ಸಂಜೆ ಹಿಡಿಯಿತು. ಮೊದಮೊದಲು ನಾನು ಅಕ್ಷರದ ಗಾತ್ರ ಹೆಚ್ಚಿಸಿದರೆ ನಡುವಿನ ಇಂಗ್ಲಿಷ್ ಪದಗಳು ಮಾತ್ರ ದೊಡ್ಡವಾಗುತ್ತಿದ್ದವು, ಕನ್ನಡ ಇದ್ದಲ್ಲೇ ಇರುತ್ತಿತ್ತು. ಲಿಬ್ರೆಆಫೀಸ್ ಪಾಶ್ಚಾತ್ಯ ಲಿಪಿಗಳಿಗೆ ಒಂದು, ಕನ್ನಡದಂತಹ ಸಂಯುಕ್ತ ಲಿಪಿಗಳಿಗೆ ಇನ್ನೊಂದು ಎಂದು ಫಾಂಟ್ ಮತ್ತು ಗಾತ್ರಗಳನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳುತ್ತದೆ. ಟೂಲ್ಸ್‌ನ ಆಪ್ಷನ್ಸ್‌ಗೆ ಹೋಗಿ, ಭಾಷೆಯ ವಿಭಾಗದಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್‌ಗೆ ಕನ್ನಡವನ್ನು ಆರಿಸಿ, ಪ್ಯಾರಾ ಶೈಲಿಯಲ್ಲಿ ಎರಡೂ ಕಡೆ ಫಾಂಟ್ ನಿಗದಿ ಮಾಡಿದ ಮೇಲೆ ಆ ತೊಂದರೆ ಮತ್ತೆ ಬಂದಿಲ್ಲ. ಬರೆಯಲು ನೋಟೋ ಸೆರಿಫ್ ಕನ್ನಡ ಫಾಂಟನ್ನು 14ರ ಗಾತ್ರದಲ್ಲಿ ಇಟ್ಟುಕೊಂಡಿದ್ದೇನೆ. ತಾನಾಗಿ ಉಳಿಸಿಕೊಳ್ಳುವ ಅವಧಿ ಹತ್ತು ನಿಮಿಷವಿದ್ದುದನ್ನು ಎರಡಕ್ಕೆ ಇಳಿಸಿದೆ, ಪ್ರತಿ ಸಲ ಹಿಂದಿನ ಪ್ರತಿಯೊಂದನ್ನು ಕಾಯ್ದಿಡುವ ಆಯ್ಕೆಯನ್ನೂ ಒತ್ತಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟು ಹೇಳದೆ ಕೇಳದೆ ಹೋಗುವ, ಬ್ಯಾಟರಿ ಎರಡು ತಾಸೂ ಬಾಳದ ಮನೆಯಲ್ಲಿ ಇವೆರಡು ಇಲ್ಲದೆ ಬರೆಯಬಾರದು. ಚೀಟಿಗಳ ಆಸೆಯೂ ಇಲ್ಲಿಯೇ ತೀರಿತು: ಪ್ರತಿ ಅಧ್ಯಾಯದ ತಲೆಬರಹಕ್ಕೆ ಹೆಡಿಂಗ್ ಶೈಲಿ ಕೊಟ್ಟು ಎಫ್ 5 ಒತ್ತಿದರೆ ನ್ಯಾವಿಗೇಟರ್ ತೆರೆಯುತ್ತದೆ, ಅಲ್ಲಿ ತಲೆಬರಹವನ್ನು ಮೇಲೆ ಕೆಳಗೆ ಸರಿಸಿದರೆ ಅಧ್ಯಾಯವೇ ಅದರೊಂದಿಗೆ ಸರಿಯುತ್ತದೆ.

ಕಾಗುಣಿತ ಪರೀಕ್ಷೆಯನ್ನು ಮೊದಲ ಕರಡಿನಲ್ಲಿ ನಾನು ಬಂದ್ ಮಾಡಿಯೇ ಇಡುತ್ತೇನೆ. ನನ್ನ ಪಾತ್ರಗಳಲ್ಲಿ ಕೆಲವರು ಹವ್ಯಕ ಕನ್ನಡ ಆಡುತ್ತಾರೆ. ‘ಎಂತಕ್ಕೆ ಬಂಜಿಲ್ಲೆ’ ಎಂದು ಅಜ್ಜಿ ಕೇಳಿದ ಕೂಡಲೇ ಅವಳ ಮಾತಿನ ಕೆಳಗೆ ಕೆಂಪು ಗೆರೆ ಎಳೆದರೆ, ಶಾಲೆಯ ಮಾಸ್ತರರು ಬೆತ್ತ ಹಿಡಿದು ಅಡುಗೆಮನೆಗೆ ನುಗ್ಗಿದಂತಾಗುತ್ತದೆ; ಆ ಗೆರೆಗೆ ಅಂಜಿ ನಾನು ಅಜ್ಜಿಯ ಬಾಯಲ್ಲಿ ‘ಏಕೆ ಬಂದಿಲ್ಲ’ ಎಂದು ಬರೆಸಿದ ದಿನಗಳೂ ಉಂಟು. ಫೋನಿನಲ್ಲಿ ಮಾತಾಡಿ ಬರೆಸುವ ಸೌಲಭ್ಯದ ಕಥೆಯೂ ಇದೇ. ಅಡಿಕೆ ತೋಟದಲ್ಲಿ ಅಡ್ಡಾಡುತ್ತ ಹೊಳೆದದ್ದನ್ನು ಹೇಳಿಟ್ಟುಕೊಳ್ಳಲು ಅದು ಉಪಯುಕ್ತ, ಆದರೆ ಗ್ರಂಥಸ್ಥ ಕನ್ನಡ ಆಡಿದರೆ ಮಾತ್ರ.

ಹೆಸರು ಬದಲಾಯಿಸುವ ಪ್ರಸಂಗವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಇಂಗ್ಲಿಷ್ ಬರಹಗಾರರು ಕೊಡುವ ಸಲಹೆಗಳು ನಮಗೆ ಒದಗದಿರುವುದು ಇಲ್ಲಿಯೇ. ಕಾದಂಬರಿಯ ಅರ್ಧಕ್ಕೆ ಬಂದಾಗ ನಾಯಕನ ಹೆಸರು ರಾಮ ಎಂದಿರುವುದು ಬೇಡ, ಶಿವ ಎಂದಿರಲಿ ಎನಿಸಿತು. ಹುಡುಕಿ ಬದಲಿಸುವ ಕಿಟಕಿ ತೆರೆದು ಒಂದೇ ಏಟಿಗೆ ಎಲ್ಲವನ್ನೂ ಬದಲಿಸಿದೆ. ನಮ್ಮ ಕಡೆ ಎದುರು ಸಿಕ್ಕವರೆಲ್ಲ ‘ಆರಾಮ?’ ಎಂದು ಕೇಳುತ್ತಾರಷ್ಟೇ. ನನ್ನ ಕಾದಂಬರಿಯಲ್ಲಿ ಅವರೆಲ್ಲ ‘ಆಶಿವ?’ ಎಂದು ಕೇಳತೊಡಗಿದರು. ವಿರಾಮ ವಿಶಿವವಾಯಿತು, ಪರಶುರಾಮ ಪರಶುಶಿವನಾದ. ಪೂರ್ಣ ಪದವನ್ನು ಮಾತ್ರ ಹುಡುಕು ಎಂಬ ಆಯ್ಕೆ ಇಂಗ್ಲಿಷಿಗೆ ಒದಗುತ್ತದೆ, ಕನ್ನಡಕ್ಕಲ್ಲ, ಏಕೆಂದರೆ ರಾಮನಿಗೆ, ರಾಮನಿಂದ, ರಾಮನಂತೂ ಎಲ್ಲವೂ ಬೇರೆ ಬೇರೆ ಪೂರ್ಣ ಪದಗಳೇ. ಹೆಣ್ಣು ಪಾತ್ರದ ಹೆಸರನ್ನು ಪದ್ಮದಿಂದ ಗೌರಿಗೆ ಬದಲಿಸಿದಾಗ ಇನ್ನೊಂದು ಪಾಠವಾಯಿತು: ಪದ್ಮಳಿಗೆ ಎಂಬುದು ಗೌರಿಳಿಗೆ ಎಂದಾಯಿತು. ಹೆಸರಿನ ಕೊನೆಯ ಸ್ವರ ಬದಲಾದರೆ ವಿಭಕ್ತಿಯ ರೂಪವೂ ಬದಲಾಗುತ್ತದೆ ಎಂಬುದು ತಂತ್ರಾಂಶಕ್ಕೆ ತಿಳಿಯದು, ಅವಸರದಲ್ಲಿ ನಾನೂ ಮರೆತಿದ್ದೆ. ಈಗ ಒಂದೊಂದನ್ನಾಗಿ ನೋಡಿಯೇ ಬದಲಿಸುತ್ತೇನೆ, ಸಾಧ್ಯವಾದರೆ ಅದೇ ಸ್ವರದಲ್ಲಿ ಮುಗಿಯುವ ಹೆಸರನ್ನೇ ಹುಡುಕುತ್ತೇನೆ.

ಹುಡುಕಾಟದಲ್ಲಿ ಕಣ್ಣಿಗೆ ಕಾಣದ ತೊಡಕೂ ಒಂದಿದೆ. ‘ಪೇಪರ್‌ನಲ್ಲಿ’ ಎಂಬಲ್ಲಿ ರಕಾರದ ಅರ್ಧಾಕ್ಷರ ನಕಾರಕ್ಕೆ ಒತ್ತಾಗದಂತೆ ತಡೆಯುವುದು ಅಗಲವೇ ಇಲ್ಲದ ಒಂದು ಅದೃಶ್ಯ ಅಕ್ಷರ. ನಾನು ಕೆಲವೆಡೆ ಅದನ್ನು ಹಾಕಿ, ಕೆಲವೆಡೆ ಬಿಟ್ಟು, ಕೆಲವೆಡೆ ‘ಪೇಪರಿನಲ್ಲಿ’ ಎಂದು ಬರೆದಿದ್ದರೆ ಒಂದನ್ನು ಹುಡುಕಿದಾಗ ಇನ್ನೆರಡು ಸಿಗುವುದಿಲ್ಲ. ಈ ಕಾರಣಕ್ಕಾಗಿಯೇ ನಾನು ಎರವಲು ಪದಗಳಿಗೆ ಇಕಾರ, ಉಕಾರ ಸೇರಿಸಿ ಬರೆಯುವುದನ್ನು ರೂಢಿಸಿಕೊಳ್ಳುತ್ತಿದ್ದೇನೆ, ಈ ಲೇಖನದಲ್ಲಿಯೇ ಎಷ್ಟೋ ಕಡೆ ಅದನ್ನು ಪಾಲಿಸಿಲ್ಲವಾದರೂ.

ಮುದ್ರಣದ ಘಟ್ಟದಲ್ಲಿ ಯೂನಿಕೋಡ್ ಮತ್ತೆ ಅಡ್ಡ ಬಂತು. ಪುಟ ವಿನ್ಯಾಸ ಮಾಡುವವರು, ‘ಹೆಗಡೇರೆ, ನುಡಿ ಫಾಂಟಲ್ಲಿ ಕೊಡಿ, ನಮ್ಮದು ಪೇಜ್‌ಮೇಕರು’ ಎಂದರು. ಪೇಜ್‌ಮೇಕರಿನ ಕೊನೆಯ ಆವೃತ್ತಿ 2001ರದು, ಅದಕ್ಕೆ ಯೂನಿಕೋಡ್ ಕನ್ನಡ ತಿಳಿಯದು. ಇನ್‌ಡಿಸೈನ್ ಎಂಬ ಪುಟ ವಿನ್ಯಾಸದ ತಂತ್ರಾಂಶ ಬಳಸುವವರು ಯೂನಿಕೋಡ್ ಕಡತವನ್ನು ಹಾಗೆಯೇ ತೆಗೆದುಕೊಳ್ಳಬಲ್ಲರು, ಆದರೆ ಇವರ ಬಳಿ ಅದಿರಲಿಲ್ಲ. ಹಾಗಾಗಿ ಹಿಂದೆ ಹಳೆಯ ಸಂಕೇತದಿಂದ ಯೂನಿಕೋಡ್‌ಗೆ ಬಂದಿದ್ದ ನಾನು ಈಗ ಒಂದು ಪ್ರತಿಯನ್ನು ಅದೇ ಹಳೆಯ ಸಂಕೇತಕ್ಕೆ ಒಯ್ಯಬೇಕಾಯಿತು. ಇಲ್ಲಿ ಎಚ್ಚರವಿರಬೇಕಾದದ್ದು ರೋಮನ್ ಲಿಪಿಯಲ್ಲಿರುವ ಪದಗಳ ಬಗ್ಗೆ, ಏಕೆಂದರೆ ಇಡೀ ಕಡತಕ್ಕೆ ನುಡಿ ಫಾಂಟ್ ಹಚ್ಚಿದಾಗ ಅವು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿ ಬಿಡುತ್ತವೆ. ಅಂಥವನ್ನು ಮೊದಲೇ ಕನ್ನಡ ಲಿಪಿಯಲ್ಲಿ ಬರೆದುಬಿಡುವುದು ಕ್ಷೇಮ. ಪರಿವರ್ತಿಸಿದ ಪ್ರತಿಯಲ್ಲಿ ನಾನು ತಿದ್ದುಪಡಿ ಮಾಡುವುದಿಲ್ಲ. ಕರಡಚ್ಚಿನಲ್ಲಿ ಕಂಡ ತಪ್ಪನ್ನು ಅವರು ಅಲ್ಲಿ ತಿದ್ದಿಕೊಂಡರೆ, ನಾನು ಇಲ್ಲಿ ನನ್ನ ಯೂನಿಕೋಡ್ ಮೂಲದಲ್ಲಿ ಅದೇ ದಿನ ತಿದ್ದುತ್ತೇನೆ.

ಕಾದಂಬರಿ ಅಚ್ಚಾಗಿ ಬಂದು ತಿಂಗಳ ಮೇಲೆ ಕುಮಟಾದಿಂದ ಓದುಗರೊಬ್ಬರು ಫೋನು ಮಾಡಿ, ಒಂಬತ್ತನೆಯ ಅಧ್ಯಾಯದಲ್ಲಿ ‘ಅಲ್ಪವಿಶಿವ’ ಎಂದರೇನು, ಅದು ಘಟ್ಟದ ಮೇಲಿನವರ ಮಾತೇ ಎಂದು ಬಹಳ ವಿನಯದಿಂದ ವಿಚಾರಿಸಿದರು. ಮೂರು ಸಲ ಕರಡು ತಿದ್ದಿದ ನನ್ನ ಕಣ್ಣಿಗೂ, ಕಾರವಾರದ ಗೆಳೆಯರ ಕಣ್ಣಿಗೂ ಬೀಳದೆ ಆ ಒಂದು ಪದ ಉಳಿದುಕೊಂಡಿತ್ತು. ಮೂಲ ಕಡತದಲ್ಲಿ ಅದನ್ನು ಆ ಸಂಜೆಯೇ ತಿದ್ದಿಟ್ಟೆ.